ಕೊಟ್ಟಿಗೆ ತೊಳೆದ ನೀರಿಗೆ ಯಾವ ದಾರಿ? ಗೋಬರ್ ಗ್ಯಾಸ್, ತೊಟ್ಟಿ, ಎರೆಹುಳು, ಜೊಂಡು, ಮಷಿನ್: ಯಾವುದು ಯಾರಿಗೆ

ನಮ್ಮ ಭಾವನವರ ಕೊಟ್ಟಿಗೆಯಲ್ಲಿ 18 ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಹಸುಗಳಿವೆ. ಊರು ಚನ್ನರಾಯಪಟ್ಟಣದ ಕಡೆ. ಕೊಟ್ಟಿಗೆ ಹಿಂದೆ ಇಳಿಜಾರು, ಅದರ ಕೆಳಗೆ ಹಳ್ಳ, ಹಳ್ಳ ಹೋಗಿ ಸೇರುವುದು ಊರ ಕೆರೆಗೆ. ಇಷ್ಟು ವರ್ಷ ಯಾರೂ ಏನೂ ಕೇಳಿರಲಿಲ್ಲ. ಹೋದ ಬೇಸಿಗೆಯಲ್ಲಿ ಕೆರೆ ಹಚ್ಚಹಸಿರಾಯ್ತು. ಒಂದು ಬೆಳಗ್ಗೆ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮೀನಿನ ಗುತ್ತಿಗೆ ಹಿಡಿದವರು ನೇರವಾಗಿ ಭಾವನ ಮನೆಗೇ ಬಂದರು.

ತಪ್ಪೆಲ್ಲ ಭಾವನದೇ ಅಂತ ಹೇಳಲಾಗದು. ಊರ ಮೋರಿ ನೀರೂ ಅದೇ ಕೆರೆಗೆ ಹೋಗುತ್ತೆ, ಗದ್ದೆಗೆ ಸುರಿದ ಯೂರಿಯಾ ಕೊಚ್ಚಿಕೊಂಡು ಬರುವುದೂ ಅಲ್ಲಿಗೇ. ಆದರೆ ಕೊಟ್ಟಿಗೆ ನೀರಿನ ಪಾಲೂ ಇದೆ, ಅದು ಸಣ್ಣದಲ್ಲ. ಅದರಲ್ಲಿರುವ ಸಾರಜನಕ, ರಂಜಕ ಪಾಚಿಗೆ ಗೊಬ್ಬರ. ಪಾಚಿ ಹಗಲು ಆಮ್ಲಜನಕ ಬಿಡುತ್ತೆ, ರಾತ್ರಿಯೆಲ್ಲ ನೀರಲ್ಲಿರುವುದನ್ನು ಎಳೆದುಕೊಳ್ಳುತ್ತೆ. ಹಾಗಾಗಿ ಸೂರ್ಯ ಹುಟ್ಟುವ ಮೊದಲು ಕೆರೆಯಲ್ಲಿ ಉಸಿರಿಗೆ ಬರ. ಮೀನು ಸಾಯುವುದು ಹೆಚ್ಚಾಗಿ ಆ ಹೊತ್ತಲ್ಲೇ.

ನಾನು ಹೋದಾಗ ಭಾವ ಡೇರಿ ಚೀಟಿಯ ಹಿಂದೆ ಯಾರ್‍ಯಾರೋ ಹೇಳಿದ್ದನ್ನೆಲ್ಲ ಬರೆದಿಟ್ಟುಕೊಂಡಿದ್ದರು. ದೊಡ್ಡ ಗೋಬರ್ ಗ್ಯಾಸ್. ಸಗಣಿ ಹಿಂಡುವ ಮಷಿನ್. ಜೊಂಡು ಬೆಳೆಸಿ ನೀರು ಶುದ್ಧ ಮಾಡೋದು. ಎರೆಹುಳು. ಕೊನೆಯಲ್ಲಿ "ಸುಮ್ನೆ ಗುಂಡಿ ತೋಡಿ ಇಂಗಿಸೋದು". "ಇದ್ರಲ್ಲಿ ಯಾವ್ದು ಮಾಡಿಸ್ಲಯ್ಯ?" ಅಂದರು. ನಾನೂ ಐದು ಹಸು ಸಾಕಿದವನು, ಒಂದೆರಡು ತಪ್ಪು ಮಾಡಿ ದುಡ್ಡು ಕಳೆದವನು. ಅವತ್ತು ಕೂತು ಹಾಕಿದ ಲೆಕ್ಕ ಇಲ್ಲಿದೆ.

ಮೊದಲು ಬಕೆಟ್ಟು, ಗಡಿಯಾರ

ಯಾವುದನ್ನು ಹಾಕಿಸಬೇಕು ಅನ್ನುವ ಮುಂಚೆ ದಿನಕ್ಕೆ ಎಷ್ಟು ನೀರು ಹರಿಯುತ್ತೆ ಗೊತ್ತಿರಬೇಕು. ಇದಕ್ಕೆ ಮೀಟರ್ ಬೇಡ. ತೊಳೆಯುವ ಪೈಪನ್ನು 20 ಲೀಟರ್ ಬಕೆಟ್ಟಿಗೆ ಬಿಟ್ಟು ಗಡಿಯಾರ ನೋಡಿ. ಭಾವನ ಪೈಪಿಗೆ 30 ಸೆಕೆಂಡ್ ಹಿಡಿಯಿತು, ಅಂದರೆ ನಿಮಿಷಕ್ಕೆ 40 ಲೀಟರ್. ಬೆಳಗ್ಗೆ 35 ನಿಮಿಷ, ಸಂಜೆ 25 ನಿಮಿಷ ತೊಳೆಯುತ್ತಾರೆ. ದಿನಕ್ಕೆ 2,400 ಲೀಟರ್! "ಅಷ್ಟೊಂದಾ?" ಅಂತ ಭಾವ ಇನ್ನೊಂದು ಸಲ ಬಕೆಟ್ ಇಟ್ಟು ನೋಡಿದರು. ಅಷ್ಟೇ ಬಂತು.

ಮಾರನೇ ದಿನ ಮೊದಲು ಸಲಿಕೆಯಲ್ಲಿ ಸಗಣಿ ಬಾಚಿ, ಬಾಂಡ್ಲಿಗೆ ತುಂಬಿ ತಿಪ್ಪೆಗೆ ಹಾಕಿ, ಆಮೇಲೆ ನೀರು ಬಿಟ್ಟೆವು. ಎರಡು ಹೊತ್ತೂ ಸೇರಿ 15 ನಿಮಿಷ ಸಾಕಾಯ್ತು. 600 ಲೀಟರ್. ಬಾಚಲು ಹೆಚ್ಚು ಹಿಡಿದದ್ದು ಹೊತ್ತಿಗೆ 20 ನಿಮಿಷ. ಬೋರ್‌ವೆಲ್ ಕರೆಂಟ್ ಬಿಲ್ ಬರಲ್ಲ ಅಂತ ನಾವು ಪೈಪನ್ನೇ ಪೊರಕೆ ಮಾಡಿಕೊಂಡಿದ್ದೇವೆ, ಅಲ್ವಾ?

ಎರಡನೇ ಪ್ರಶ್ನೆ ಜಮೀನಿನದು. ಮುಖ್ಯವಾದದ್ದೂ ಇದೇ. 400 ಕೆಜಿ ತೂಕದ ಹಸು ದಿನಕ್ಕೆ 15ರಿಂದ 20 ಕೆಜಿ ಸಗಣಿ, ಹೆಚ್ಚು ಕಡಿಮೆ ಅಷ್ಟೇ ಲೀಟರ್ ಗಂಜಲ ಹಾಕುತ್ತೆ. ಎರಡೂ ಸೇರಿದರೆ ವರ್ಷಕ್ಕೆ ಒಂದು ಹಸುವಿನಿಂದ ಸುಮಾರು 55ರಿಂದ 70 ಕೆಜಿ ಸಾರಜನಕ. 45 ಕೆಜಿ ಯೂರಿಯಾ ಮೂಟೆಯಲ್ಲಿರುವುದು 20 ಕೆಜಿ ಚಿಲ್ಲರೆ ಸಾರಜನಕ. ಅಂದರೆ ಒಂದೊಂದು ಹಸುವೂ ವರ್ಷಕ್ಕೆ ಮೂರು ಮೂಟೆ ಯೂರಿಯಾಕ್ಕೆ ಸಮ. 18 ಹಸು ಅಂದರೆ 50 ಮೂಟೆ ಮೇಲೆ. ಇಷ್ಟು ಮೂಟೆಯನ್ನು ಯಾರಾದರೂ ಮೂರು ಎಕರೆಗೆ ಸುರಿಯುತ್ತಾರಾ? ಭಾವನ ಜಮೀನು ಇರುವುದೇ ಮೂರು ಎಕರೆ.

ಯುರೋಪಿನಲ್ಲಿ 1991ರಲ್ಲೇ ಇದಕ್ಕೆ ಕಾನೂನು ಬಂತು. ನೀರು ಕೆಡುವ ಅಪಾಯ ಇದೆ ಅಂತ ಗುರುತಿಸಿದ ಕಡೆ ಹೆಕ್ಟೇರಿಗೆ ವರ್ಷಕ್ಕೆ 170 ಕೆಜಿಗಿಂತ ಹೆಚ್ಚು ಸಾರಜನಕವನ್ನು ಸಗಣಿ ಗೊಬ್ಬರದಿಂದ ಹಾಕುವಂತಿಲ್ಲ. ನಮ್ಮ ಲೆಕ್ಕದಲ್ಲಿ ಎಕರೆಗೆ ಒಂದು ಹಸು. ನಮ್ಮಲ್ಲಿ ವರ್ಷವಿಡೀ ಬೆಳೆ ಇರುತ್ತೆ, ನೀರು ಕಂಡ ಸೀಮೆಹುಲ್ಲು ಕೊಯ್ದಷ್ಟೂ ಚಿಗುರುತ್ತೆ. ಚೆನ್ನಾಗಿ ಬಂದ ಒಂದು ಎಕರೆ ನೇಪಿಯರ್ ವರ್ಷಕ್ಕೆ 150ರಿಂದ 200 ಕೆಜಿ ಸಾರಜನಕ ಎಳೆದೀತು ಅನ್ನುವುದು ನನ್ನ ಅಂದಾಜು. ಹಾಗಾಗಿ ಎಕರೆ ಹುಲ್ಲಿಗೆ ಮೂರು ಹಸು ಅಂತ ಇಟ್ಟುಕೊಳ್ಳಿ. ರಾಗಿ, ತೆಂಗಿಗೆ ಅಷ್ಟೂ ಬೇಡ.

ಉಳಿದ ಪ್ರಶ್ನೆಗಳು ಚಿಕ್ಕವು. ಕುಡಿಯುವ ಬೋರ್ ಎಷ್ಟು ಹತ್ತಿರ ಇದೆ? ಮಣ್ಣು ಮರಳು ಮರಳಾದ ಕೆಂಪು ಮಣ್ಣಾ? ಮಳೆ ಹಿಡಿದಾಗ ಹೊಲಕ್ಕೆ ಹಾಯಿಸಲಾಗದೆ ಎಷ್ಟು ದಿನ ಹಿಡಿದಿಡಬೇಕು? ದಿನಾ ನೋಡಿಕೊಳ್ಳುವವರು ಯಾರು? ಈ ಕೊನೆಯದನ್ನು ಯಾರೂ ಕೇಳುವುದೇ ಇಲ್ಲ. ಊರೂರಲ್ಲಿ ಹಾಳು ಬಿದ್ದ ಗೋಬರ್ ಗ್ಯಾಸ್ ಗುಂಡಿಗಳನ್ನು ನೋಡಿದರೆ ಗೊತ್ತಾಗುತ್ತೆ.

ಇಷ್ಟು ಕೈಯಲ್ಲಿಟ್ಟುಕೊಂಡು ಒಂದೊಂದನ್ನೇ ನೋಡೋಣ. ಪ್ರತಿ ಸಲವೂ ನಾನು ಕೇಳುವುದು ಒಂದೇ: ಒಂದೊಂದು ಹಸುವಿನ ಆ ಮೂರು ಮೂಟೆ ಯೂರಿಯಾದಷ್ಟು ಸಾರಜನಕ ಕೊನೆಗೆ ಎಲ್ಲಿಗೆ ಹೋಯ್ತು?

ಇಂಗು ಗುಂಡಿ

ಇದನ್ನು ಮೊದಲೇ ಹೊಡೆದು ಹಾಕಿ. ನರೇಗಾದಲ್ಲಿ ಊರೂರಿಗೆ ಬಚ್ಚಲು ಗುಂಡಿ ಮಾಡಿಸಿದರು, ಮನೆಯ ಬಚ್ಚಲು ನೀರಿಗೆ ಅದು ಸರಿ. ಕೆಲವರು ಅದಕ್ಕೇ ಕೊಟ್ಟಿಗೆ ಪೈಪನ್ನೂ ಸೇರಿಸಿದ್ದಾರೆ. ಅದು ಸರಿಯಲ್ಲ. ವಾಸನೆ ಹೋಗುತ್ತೆ, ಕಣ್ಣಿಗೆ ಕಾಣಲ್ಲ, ಪಕ್ಕದವರ ಜಗಳವೂ ನಿಲ್ಲುತ್ತೆ. ಆದರೆ ಗಂಜಲದ ಸಾರಜನಕ ಮಣ್ಣಲ್ಲಿ ನೈಟ್ರೇಟ್ ಆಗಿ ನೀರಿನ ಜೊತೆ ಕೆಳಗಿಳಿಯುತ್ತೆ. ಕುಡಿಯುವ ನೀರಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಅನ್ನುವುದು ನಮ್ಮ ದೇಶದ ಮಾನದಂಡ. ಅದಕ್ಕೆ ಬಣ್ಣ ಇಲ್ಲ, ರುಚಿ ಇಲ್ಲ. ಕಾಯಿಸಿದರೆ ಹೋಗುವುದಿಲ್ಲ, ನೀರು ಆವಿಯಾದಂತೆ ಇನ್ನೂ ಗಟ್ಟಿಯಾಗುತ್ತೆ. ಆ ನೀರು ಬೆರೆಸಿದ ಬಾಟಲಿ ಹಾಲು ಕುಡಿಯುವ ಎಳೆಗೂಸಿಗೆ ಅದು ಅಪಾಯ. ನಿಮ್ಮ ಬೋರ್ ಕೊಟ್ಟಿಗೆ ಪಕ್ಕದಲ್ಲೇ ಇದ್ದರೆ ಒಂದು ಸಲ ಪರೀಕ್ಷೆ ಮಾಡಿಸಿಬಿಡಿ. ಪಂಚಾಯಿತಿಗೆ ಕೊಟ್ಟಿರುವ ನೀರು ಪರೀಕ್ಷೆ ಕಿಟ್‌ನಲ್ಲಿ ನೈಟ್ರೇಟ್ ನೋಡಬಹುದು.

ಗೋಬರ್ ಗ್ಯಾಸ್

ಎಲ್ಲರ ಬಾಯಲ್ಲೂ ಮೊದಲು ಬರುವುದು ಇದೇ. ಒಳ್ಳೆಯದೇ. ನನ್ನ ಮನೆಯಲ್ಲೂ ಇದೆ. ಆದರೆ ಒಂದು ಮಾತು ಬಿಡಿಸಿ ಹೇಳಬೇಕು. ಗ್ಯಾಸ್ ಆಗಿ ಹೋಗುವುದು ಇಂಗಾಲ. ಸಾರಜನಕ, ರಂಜಕ ಬಹುಪಾಲು ಹಾಗೇ ಬಗ್ಗಡದಲ್ಲಿ (ಸ್ಲರಿಯಲ್ಲಿ) ಹೊರಗೆ ಬರುತ್ತೆ. ಅದೂ ಬೆಳೆಗೆ ಬೇಗ ಸಿಗುವ ಅಮೋನಿಯಾ ರೂಪದಲ್ಲಿ. ಬೆಳೆಗೆ ಬೇಗ ಸಿಗುವುದು ಪಾಚಿಗೂ ಬೇಗ ಸಿಗುತ್ತೆ ತಾನೇ? ಬಗ್ಗಡವನ್ನು ಹಳ್ಳಕ್ಕೆ ಬಿಟ್ಟರೆ ಕೆರೆಗೆ ಏನೂ ಉಪಕಾರ ಆಗಲ್ಲ.

ಇನ್ನೊಂದು ತೊಡಕಿದೆ. ಸಗಣಿಗೆ ಸಮಪಾಲು ನೀರು ಕಲಸಬೇಕು. ಭಾವನ ಮನೆಯ ಸಗಣಿ ದಿನಕ್ಕೆ 270 ಕೆಜಿ. ಅಷ್ಟನ್ನೂ ಗುಂಡಿಗೆ ಹಾಕಿದರೆ 270 ಲೀಟರ್ ನೀರು ಸೇರಿ ಐನೂರು ಲೀಟರ್ ಮೇಲೆ ಬಗ್ಗಡ ಆಗುತ್ತೆ. ಗಟ್ಟಿ ಸಗಣಿಯನ್ನು ಟ್ರ್ಯಾಕ್ಟರಿಗೆ ತುಂಬಿ ಬೇರೆ ಊರಿಗೆ ಕಳಿಸಬಹುದಿತ್ತು. ಬಗ್ಗಡವನ್ನು ಕಳಿಸುವುದು ಕಷ್ಟ. ಜಮೀನು ಕಡಿಮೆ ಇದ್ದವರು ದೊಡ್ಡ ಪ್ಲಾಂಟ್ ಹಾಕಿಸಿ ಮಾಡಿಕೊಳ್ಳುವ ಎಡವಟ್ಟು ಇದು.

ಅದಕ್ಕೇ ನಾನು ಹೇಳಿದ್ದು: ಅಡುಗೆಗೆ ಬೇಕಾದಷ್ಟೇ ಹಾಕಿಸಿ. 25 ಕೆಜಿ ಸಗಣಿಗೆ ಒಂದು ಘನ ಮೀಟರ್ ಗ್ಯಾಸ್ ಲೆಕ್ಕ. ಎರಡು ಘನ ಮೀಟರಿನ ದೀನಬಂಧು ಮಾದರಿಗೆ (ನೆಲದೊಳಗೆ ಗುಮ್ಮಟದಂತೆ ಕಟ್ಟುವ ಗುಂಡಿ) ದಿನಕ್ಕೆ 50 ಕೆಜಿ ಸಾಕು, ಮೂರು ನಾಲ್ಕು ಹಸುವಿನದ್ದು. ಸಿಲಿಂಡರ್ ಲೆಕ್ಕದಲ್ಲಿ ತಿಂಗಳಿಗೆ ಎರಡರ ಹತ್ತಿರ ಉಳಿತಾಯ, ಚಳಿಗಾಲದಲ್ಲಿ ಕಮ್ಮಿ. ಕಲಸಲು ಹೊಸ ನೀರು ಬೇಡ, ತೊಳೆದ ನೀರನ್ನೇ ಬಳಸಿ. ಫಿನಾಯಿಲ್, ಬ್ಲೀಚಿಂಗ್ ಬಿದ್ದ ನೀರು ಮಾತ್ರ ಒಳಗೆ ಹೋಗಬಾರದು. ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳು ಸತ್ತರೆ ಮತ್ತೆ ಶುರುವಾಗಲು ವಾರಗಟ್ಟಲೆ ಬೇಕು. ಸಬ್ಸಿಡಿ ಇದೆಯಾ ಅಂತ ತಾಲ್ಲೂಕು ಪಂಚಾಯಿತಿಯಲ್ಲಿ ಮೊದಲೇ ವಿಚಾರಿಸಿ. ಕಟ್ಟಿದ ಮೇಲೆ ಹೋದರೆ ಪ್ರಯೋಜನ ಇಲ್ಲ.

ತೊಟ್ಟಿಯಲ್ಲಿ ಹಿಡಿದು ಹುಲ್ಲಿಗೆ ಹಾಯಿಸೋದು

ನೋಡಲು ಏನೂ ಇಲ್ಲದ ದಾರಿ. ನನ್ನ ಓಟು ಇದಕ್ಕೇ.

ಕೊಟ್ಟಿಗೆಯಿಂದ ಬರುವ ನೀರು ಮೊದಲು ಒಂದು ಚಿಕ್ಕ ತೊಟ್ಟಿಗೆ ಬೀಳಬೇಕು. ಅಲ್ಲಿ ಹುಲ್ಲು, ಮರಳು, ದಪ್ಪ ಸಗಣಿ ತಳ ಸೇರುತ್ತೆ. ಅಲ್ಲಿಂದ ಮೇಲಿನ ನೀರು ದೊಡ್ಡ ತೊಟ್ಟಿಗೆ. ದೊಡ್ಡದು ಎಷ್ಟು ದೊಡ್ಡದಿರಬೇಕು? ಮಳೆಗಾಲದಲ್ಲಿ 30 ದಿನ ಹಿಡಿದಿಡುವಷ್ಟು. ಭಾವನ ಹಳೇ ಲೆಕ್ಕದಲ್ಲಿ ಗಂಜಲವೂ ಸೇರಿ 80 ಸಾವಿರ ಲೀಟರ್ ಬೇಕಿತ್ತು. ಬಾಚಿ ತೊಳೆದರೆ 26 ಸಾವಿರ. ಅಂದರೆ 16 ಅಡಿ ಉದ್ದ, 12 ಅಡಿ ಅಗಲ, 5 ಅಡಿ ಆಳ. ಒಂದು ಸಲಿಕೆ ಮೂರು ತೊಟ್ಟಿಯ ಕೆಲಸವನ್ನು ಒಂದಕ್ಕೆ ಇಳಿಸಿತು. ಸಿಮೆಂಟ್ ತೊಟ್ಟಿಗೆ ದುಡ್ಡಿಲ್ಲದಿದ್ದರೆ ಕೃಷಿ ಹೊಂಡಕ್ಕೆ ಹಾಸುವ ದಪ್ಪ ಶೀಟ್ ಹಾಕಿ. ಹಾಗೆ ಮಾಡಿದರೆ ಸುತ್ತ ಬೇಲಿ ಬೇಕೇ ಬೇಕು. ಶೀಟಿನ ಇಳಿಜಾರಲ್ಲಿ ಕರು ಬಿದ್ದರೂ ಮಗು ಬಿದ್ದರೂ ಮೇಲೆ ಬರಲಾಗಲ್ಲ.

ನಾನು ಮೊದಲ ವರ್ಷ ಮಾಡಿದ ತಪ್ಪು ಹೇಳುತ್ತೇನೆ. ಕೊಟ್ಟಿಗೆ ಸೂರಿನ ನೀರು ಅದೇ ಮೋರಿಗೆ ಬೀಳುತ್ತಿತ್ತು, ನಾನು ಬೇರೆ ಮಾಡಿರಲಿಲ್ಲ. ಅಕ್ಟೋಬರಿನಲ್ಲಿ ಒಂದೇ ರಾತ್ರಿ ಸುರಿದ ಮಳೆಗೆ ತೊಟ್ಟಿ ತುಂಬಿ, ಒಂದು ತಿಂಗಳು ಕೂಡಿಟ್ಟದ್ದೆಲ್ಲ ಪಕ್ಕದವರ ಟೊಮೆಟೊ ತೋಟಕ್ಕೆ ಹೋಯಿತು. ಆಮೇಲೆ ಸೂರಿಗೆ ದೋಣಿ ಕಟ್ಟಿಸಿದೆ. ಮುಂಚೆಯೇ ಕಟ್ಟಿಸಿದ್ದರೆ ಟೊಮೆಟೊಗೆ ದಂಡ ಕೊಡುವುದು ಉಳಿಯುತ್ತಿತ್ತು. ಇನ್ನೊಂದು, ಮಾಮೂಲಿ ಮೋಟರಿನ ಫುಟ್‌ವಾಲ್ವಿಗೆ ರಾಗಿ ಹುಲ್ಲು ಸಿಕ್ಕಿಕೊಂಡು ವಾರಕ್ಕೆರಡು ಸಲ ಕೈ ಹಾಕಿ ಬಿಡಿಸಬೇಕಾಯ್ತು. ಆ ವಾಸನೆ ಸೋಪಿಗೂ ಹೋಗಲ್ಲ. ಸ್ಲರಿ ಎತ್ತಲೆಂದೇ ಬರುವ ಪಂಪ್ ತಗೊಳ್ಳಿ.

ಹಾಯಿಸುವುದಕ್ಕೂ ಒಂದು ರೀತಿ ಇದೆ. ಹುಲ್ಲು ಕೊಯ್ದ ಮಡಿಗೆ, ಸಂಜೆ ಹೊತ್ತು, ನೀರು ಬೆರೆಸಿ ತೆಳುವಾಗಿ. ಬಿಸಿಲಲ್ಲಿ ಹಾಕಿದರೆ ಅಮೋನಿಯಾ ಹಾರಿಹೋಗುತ್ತೆ. ಮೂಗಿಗೆ ಚುರ್ ಅನ್ನುವುದು ನಿಮ್ಮದೇ ಯೂರಿಯಾ. ದಿನಾ ಒಂದೇ ಮಡಿಗೆ ಬಿಡುವುದು ಸೋಮಾರಿತನ, ನಾವೆಲ್ಲ ಮಾಡುವುದೂ ಅದನ್ನೇ. ಕೊಟ್ಟಿಗೆಗೆ ಹತ್ತಿರದ ಮಡಿ ಕಪ್ಪಗೆ ಕೊಬ್ಬಿ ಬೀಳುತ್ತೆ, ದೂರದ್ದು ಹಳದಿ. ಹಾಗೆ ಅತಿಯಾಗಿ ಉಂಡ ಹುಲ್ಲಿನಲ್ಲಿ ನೈಟ್ರೇಟ್ ಸೇರಿ ಹಸುವಿಗೇ ವಿಷವಾಗಬಹುದು. ಬರ ಬಂದು ಬೆಳವಣಿಗೆ ನಿಂತ ಹುಲ್ಲಿನಲ್ಲಿ ಇನ್ನೂ ಜಾಸ್ತಿ.

ಮೂರು ಮೂಟೆ ಎಲ್ಲಿಗೆ ಹೋಯ್ತು? ಹುಲ್ಲಿಗೆ, ಹುಲ್ಲಿನಿಂದ ಮತ್ತೆ ಹಸುವಿಗೆ. ಕೊಳ್ಳುವ ಗೊಬ್ಬರವೂ ಉಳಿಯಿತು. ಜಮೀನು ಇಲ್ಲದವರಿಗೆ ಮಾತ್ರ ಈ ದಾರಿ ಇಲ್ಲ.

ಸೊಪ್ಪಿನ ಹಾಸು

ಮಲೆನಾಡು, ಕರಾವಳಿಯವರು ಇಷ್ಟು ಹೊತ್ತು ನಗುತ್ತಿರಬಹುದು. ಅವರ ಹಳೇ ಹಟ್ಟಿಯಲ್ಲಿ ತೊಳೆಯುವ ಮಾತೇ ಇಲ್ಲ. ದಿನಾ ಸೊಪ್ಪೋ ದರಕೋ (ಒಣ ಎಲೆ) ಹಾಸುತ್ತಾರೆ. ಅದು ಗಂಜಲ ಹೀರಿಕೊಳ್ಳುತ್ತೆ, ಹಸು ತುಳಿದು ಗೊಬ್ಬರ ಮಾಡುತ್ತೆ, ಕೊನೆಗೆ ಅಡಿಕೆ ಬುಡಕ್ಕೆ ಹೋಗುತ್ತೆ. ಉತ್ತರ ಕನ್ನಡದಲ್ಲಿ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ (ಸೊಪ್ಪು ತರುವ ಕಾಡು) ಸೇರಿಸಿ ಕೊಟ್ಟಿದ್ದು ಇದಕ್ಕೇ. ಒಣ ಎಲೆಯಲ್ಲಿ ಇಂಗಾಲ ಜಾಸ್ತಿ, ಅದು ಸಾರಜನಕವನ್ನು ಹಿಡಿದುಕೊಳ್ಳುತ್ತೆ. ಮಾಲಿನ್ಯದ ಲೆಕ್ಕದಲ್ಲಿ ಇದನ್ನು ಮೀರಿಸುವುದು ಕಷ್ಟ.

ಆದರೆ ಐದಾರು ಹಸುವಿನ ಮೇಲೆ ನಡೆಯಲ್ಲ. ಅಷ್ಟು ಸೊಪ್ಪು ತರುವವರು ಯಾರು? ಮಷಿನ್‌ನಲ್ಲಿ ಹಾಲು ಕರೆಯುವವರಿಗೆ ಕೆಚ್ಚಲು ಒದ್ದೆಯಾದರೆ ಕೆಚ್ಚಲುಬಾವಿನ ಭಯ. ಬಯಲುಸೀಮೆಯಲ್ಲಿ ತೆಂಗಿನ ನಾರಿನ ಪುಡಿ, ಮರದ ಹೊಟ್ಟು, ಕಡಲೆಕಾಯಿ ಸಿಪ್ಪೆ ಸಿಕ್ಕರೆ ಕರುಗಳ ಜಾಗಕ್ಕಾದರೂ ಹಾಸಿ ನೋಡಿ.

ಎರೆಹುಳು ಸೋಸು, ಜೊಂಡಿನ ಮಡಿ

ಎರಡನ್ನೂ ಒಟ್ಟಿಗೆ ಹೇಳುತ್ತೇನೆ, ಯಾಕೆಂದರೆ ಎರಡೂ ತಿಳಿಯಾದ ನೀರಿಗೆ. ದಪ್ಪ ಬಗ್ಗಡ ಬಿಟ್ಟರೆ ಎರಡೂ ಕಟ್ಟಿಕೊಳ್ಳುತ್ತವೆ.

ಎರೆಹುಳು ಸೋಸು ಅಂದರೆ ಕೆಳಗೆ ದಪ್ಪ ಜಲ್ಲಿ, ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ಮರದ ಚೂರೋ ತೆಂಗಿನ ನಾರೋ ಹಾಕಿ ಹುಳ ಬಿಟ್ಟ ತೊಟ್ಟಿ. ಮೇಲಿಂದ ನೀರು ಚಿಮುಕಿಸಬೇಕು, ಕೆಳಗೆ ತಿಳಿನೀರು ಇಳಿಯುತ್ತೆ. ವಾಸನೆ ಥಟ್ಟನೆ ನಿಲ್ಲುತ್ತೆ, ಜಾಗವೂ ಕಮ್ಮಿ. ಕ್ಯಾಲಿಫೋರ್ನಿಯಾದ ದೊಡ್ಡ ಡೇರಿಗಳಲ್ಲೂ ಹಾಕಿದ್ದಾರೆ. ಆದರೆ ತಿಳಿಯಾಗಿದೆ ಅಂತ ಮೋಸ ಹೋಗಬೇಡಿ. ಸಾರಜನಕದ ಒಂದು ಪಾಲು ಗಾಳಿಗೆ ಹೋಗುತ್ತೆ ನಿಜ, ಉಳಿದದ್ದು ನೈಟ್ರೇಟ್ ಆಗಿ ಆ ತಿಳಿನೀರಲ್ಲೇ ಇರುತ್ತೆ. ಅದು ಗಿಡಕ್ಕೆ ಹೋಗಬೇಕು, ಹಳ್ಳಕ್ಕಲ್ಲ. ನೆರಳು ತಪ್ಪಿದರೆ, ಗಂಜಲ ಗಟ್ಟಿಯಾಗಿ ಬಂದರೆ, ಇರುವೆ ಹತ್ತಿದರೆ ಹುಳ ಹೋಯಿತು.

ಜೊಂಡಿನ ಮಡಿ ಇನ್ನೂ ನಿಧಾನದ ಕೆಲಸ. ತಳಕ್ಕೆ ಶೀಟ್ ಹಾಸಿ, ಎರಡು ಅಡಿ ಜಲ್ಲಿ ತುಂಬಿ, ಜೊಂಡು, ಕಾಬಾಳೆ, ಲಾವಂಚ ನೆಟ್ಟು, ನೀರನ್ನು ಜಲ್ಲಿಯ ಒಳಗೇ ಮೆಲ್ಲಗೆ ಹರಿಸುವುದು. ಜಲ್ಲಿಯೊಳಗೆ ಗಾಳಿಯಾಡದ ಕಡೆ ಸೂಕ್ಷ್ಮಜೀವಿಗಳು ನೈಟ್ರೇಟನ್ನು ಒಡೆದು ಗಾಳಿಗೆ ಬಿಡುತ್ತವೆ. ಎರೆಹುಳು ಬಿಟ್ಟ ಕೆಲಸವನ್ನು ಇದು ಮುಂದುವರಿಸುತ್ತೆ ಅನ್ನಿ. ಕರೆಂಟ್ ಬೇಡ. ಭಾವನ ಅಳತೆಗೆ ಎರಡು ಮೂರು ಗುಂಟೆ ಜಾಗ ಹಿಡಿಯುತ್ತೆ. ರಂಜಕಕ್ಕೆ ಮಾತ್ರ ಹಾರಿಹೋಗುವ ದಾರಿಯಿಲ್ಲ. ಕೆಲವು ವರ್ಷ ಜಲ್ಲಿ ಹಿಡಿದಿಡುತ್ತೆ, ತುಂಬಿದ ಮೇಲೆ ಬಿಟ್ಟುಬಿಡುತ್ತೆ. ಗಿಡ ಕೊಯ್ದು ಹೊರಗೆ ಹಾಕುತ್ತಿರಬೇಕು. ಜೊಂಡು ಅಲ್ಲೇ ಕೊಳೆತರೆ ಹೀರಿದ್ದೆಲ್ಲ ಮತ್ತೆ ನೀರಿಗೇ.

ತೊಟ್ಟಿ, ಹುಲ್ಲು ಎರಡೂ ಇದ್ದೂ ಇನ್ನೂ ಸ್ವಲ್ಪ ನೀರು ಹಳ್ಳಕ್ಕೆ ಇಳಿಯುತ್ತೆ ಅನ್ನುವವರಿಗೆ ಕೊನೆಯ ಕಾವಲಿಗೆ ಇದು ಚೆನ್ನ. ಇದೊಂದನ್ನೇ ನಂಬಿ ಕೂರುವುದು ಬೇಡ.

ಹಿಂಡುವ ಮಷಿನ್

ಬಗ್ಗಡವನ್ನು ಸ್ಕ್ರೂ ಹಾಕಿ ಹಿಂಡಿ, ಪುಡಿಪುಡಿ ಗೊಬ್ಬರ ಒಂದು ಕಡೆ, ನೀರು ಒಂದು ಕಡೆ ಮಾಡುತ್ತೆ. ನೋಡಲು ಬಹಳ ಚೆಂದ. ಗೊಬ್ಬರ ಮೂಟೆ ಕಟ್ಟಿ ಮಾರಬಹುದು. ಲಕ್ಷಗಳ ಮಾತು, ತ್ರೀ ಫೇಸ್ ಕರೆಂಟ್ ಬೇಕು. ಮಾರುವವರು ಹೇಳದ ವಿಷಯ ಏನೆಂದರೆ, ಸಾರಜನಕದ ದೊಡ್ಡ ಪಾಲು ಹಿಂಡಿದ ನೀರಲ್ಲೇ ಉಳಿಯುತ್ತೆ. ಆ ನೀರಿಗೆ ಮತ್ತೆ ತೊಟ್ಟಿ, ಹುಲ್ಲು ಬೇಕೇ ಬೇಕು. ಐವತ್ತು ಹಸು ದಾಟಿದವರು, ಬಾಚಲು ಆಳು ಸಿಗದವರು ಯೋಚಿಸಲಿ. 18 ಹಸುವಿಗೆ ಸಲಿಕೆಯೇ ಈ ಕೆಲಸ ಮಾಡುತ್ತೆ, ನೀರು ಸೇರುವ ಮೊದಲೇ.

ಹಾಗಾದರೆ ಯಾರಿಗೆ ಯಾವುದು

ಎರಡು ಮೂರು ಹಸು, ಎಕರೆ ಜಮೀನು: ಬಾಚಿ ತಿಪ್ಪೆಗೆ ಹಾಕಿ, ತೊಳೆದ ನೀರನ್ನು ಚಿಕ್ಕ ತೊಟ್ಟಿಯಲ್ಲಿ ಹಿಡಿದು ಹುಲ್ಲಿಗೋ ತೆಂಗಿಗೋ ಬಿಡಿ. ನಾಲ್ಕು ಹಸು ಆದರೆ ಚಿಕ್ಕ ಗೋಬರ್ ಗ್ಯಾಸ್ ಸೇರಿಸಿ. ಇದಕ್ಕಿಂತ ಹೆಚ್ಚು ಖರ್ಚು ಮಾಡಬೇಡಿ.

ಹತ್ತರಿಂದ ಇಪ್ಪತ್ತು ಹಸು, ಜಮೀನು ಸಾಲದು: ಭಾವನ ಕಥೆ ಇದೇ. ಗಟ್ಟಿ ಸಗಣಿ ಊರು ಬಿಟ್ಟು ಹೋಗಬೇಕು, ನೀರು ಮನೆಯಲ್ಲೇ ಮುಗಿಯಬೇಕು. ಹಾಲೆಂಡಿನಲ್ಲಿ ಹೆಚ್ಚಾದ ಗೊಬ್ಬರ ಒಯ್ಯಲು ರೈತನೇ ದುಡ್ಡು ಕೊಡುತ್ತಾನೆ. ನಮ್ಮಲ್ಲಿ ಇನ್ನೂ ಲೋಡಿಗೆ ಇಷ್ಟು ಅಂತ ಕೊಟ್ಟು ಒಯ್ಯುವವರಿದ್ದಾರೆ. ಅದು ನಮ್ಮ ಪುಣ್ಯ, ಬಳಸಿಕೊಳ್ಳಿ. 15 ಹಸು ದಾಟಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕಾ ಅಂತ ಕೇಳಿಟ್ಟುಕೊಳ್ಳಿ. ಡೇರಿ ಫಾರ್ಮು, ಗೋಶಾಲೆಗಳಿಗೆ ಕೇಂದ್ರ ಮಂಡಳಿ 2020ರಲ್ಲಿ ಮಾರ್ಗಸೂಚಿ ತಂದು, 2021ರಲ್ಲಿ ತಿದ್ದಿದೆ.

ಬೆಂಗಳೂರಿನಂಥ ಊರಿನ ಅಂಚಲ್ಲಿ, ಸೈಟಿನಲ್ಲಿ ಕೊಟ್ಟಿಗೆ ಇಟ್ಟವರದು ಎಲ್ಲಕ್ಕಿಂತ ಕಷ್ಟ. ಜಮೀನಿಲ್ಲ, ಹಿಂದೆ ರಾಜಕಾಲುವೆ. ಅವರಿಗೆ ಎರಡೇ ದಾರಿ. ಸಗಣಿ ಒಂದು ಚೂರೂ ನೀರಿಗೆ ಬೀಳದಂತೆ ಬಾಚಿ ಲೋಡು ಕಳಿಸುವುದು, ಉಳಿದ ತೆಳು ನೀರಿಗೆ ಎರೆಹುಳು ಸೋಸು ಹಾಕಿ ಅಕ್ಕಪಕ್ಕದ ನರ್ಸರಿಗೋ ಹೂವಿನ ತೋಟಕ್ಕೋ ಕೊಡುವುದು. ಕೊಳ್ಳುವವರು ಸಿಗದಿದ್ದರೆ ಹಸು ಕಡಿಮೆ ಮಾಡಬೇಕಾಗುತ್ತೆ. ಕೇಳಲು ಬೇಜಾರು, ಆದರೆ ಅದನ್ನು ತಪ್ಪಿಸುವ ಮಷಿನ್ ನನಗೆ ಗೊತ್ತಿಲ್ಲ.

ಭಾವ ಸದ್ಯ ಎರಡು ಸಲಿಕೆ ತಂದಿದ್ದಾರೆ, ಸೂರಿಗೆ ದೋಣಿ ಕಟ್ಟಿಸಿದ್ದಾರೆ. ಮುಂಗಾರಿಗೆ ಮೊದಲು ತೊಟ್ಟಿ ಮುಗಿಸುವ ಆತುರ. ಹುಲ್ಲಿಗೆ ಇನ್ನೆರಡು ಎಕರೆ ಬೇಕು, ಪಕ್ಕದ ಬೀಳು ಜಮೀನನ್ನು ವಾರಕ್ಕೆ (ಪಾಲಿಗೆ) ಕೇಳಿದ್ದಾರೆ. ಜಮೀನಿನವರು ಇನ್ನೂ ಒಪ್ಪಿಲ್ಲ. ಮೀನಿನ ಗುತ್ತಿಗೆಯವರ ದೊಡ್ಡಪ್ಪನದೇ ಅದು.